ಸೊಪ್ಪು ಬಲ್ಲ ಮಕ್ಕಳಿಗೆ ಸೇಬಿನ ಪ್ರಶ್ನೆ

ಎರಡನೇ ಕ್ಲಾಸಿನ ಮಕ್ಕಳ ಮುಂದೆ ನಿಂತು ‘ಹಾಲಿನಲ್ಲಿ ಏನಿದೆ?’ ಅಂತ ಕೇಳಿ ನೋಡಿ. ಇಡೀ ಕ್ಲಾಸು ರಾಗವಾಗಿ ‘ಕ್ಯಾಲ್ಸಿಯಂ’ ಅನ್ನುತ್ತದೆ. ‘ಕ್ಯಾಲ್ಸಿಯಂ ಅಂದರೇನು?’ ಅಂತ ಮುಂದಕ್ಕೆ ಕೇಳಿದರೆ ಗಳಿಗೆ ಹೊತ್ತು ಸದ್ದಿಲ್ಲ. ಆಮೇಲೆ ಬಾಗಿಲ ಹತ್ತಿರ ಕೂತವಳೊಬ್ಬಳು ‘ಹಾಲು’ ಅನ್ನುತ್ತಾಳೆ, ಉಳಿದವರೆಲ್ಲ ಅದನ್ನೇ ಹಿಡಿದುಕೊಂಡು ‘ಹಾಲು, ಹಾಲು’ ಅನ್ನುತ್ತಾರೆ. ನಮ್ಮ ಪಕ್ಕದ ಮನೆಯ ಟೀಚರ್ ಈ ಮಾತು ಹೇಳಿದ್ದು ಕಾಂಪೌಂಡಿನ ಆಚೆ ನಿಂತು ಕರಿಬೇವು ಬಿಡಿಸಿಕೊಳ್ಳುತ್ತಾ. ಅವರದು ಸರ್ಕಾರಿ ಶಾಲೆ, ನಲಿ-ಕಲಿ ಕ್ಲಾಸು, ಒಂದರಿಂದ ಮೂರನೆಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ. ಆ ವಾರ ಅವರ ಶಾಲೆಗೆ ಗೃಹವಿಜ್ಞಾನ ಓದುವ ಹುಡುಗಿಯೊಬ್ಬಳು ಪ್ರಶ್ನೆಪತ್ರಿಕೆ ಹಿಡಿದುಕೊಂಡು ಬಂದಿದ್ದಳಂತೆ. ಮಕ್ಕಳಿಗೆ ಪೌಷ್ಟಿಕ ಆಹಾರದ ಬಗ್ಗೆ ಎಷ್ಟು ಗೊತ್ತಿದೆ ಅಂತ ಅಳೆಯುವುದು, ಒಂದಷ್ಟು ಪಾಠ ಮಾಡುವುದು, ಮತ್ತೆ ಅಳೆಯುವುದು. ಎಂ.ಎಸ್ಸಿ. ಪ್ರಬಂಧಕ್ಕೆ ಬೇಕಾದ ಕೆಲಸ. ಆ ಪತ್ರಿಕೆಯ ಒಂದು ಪ್ರತಿ ಗೋಡೆ ದಾಟಿ ನನ್ನ ಕೈಗೂ ಬಂತು. ಕತ್ತಲಾಗುವವರೆಗೂ ನಾವಿಬ್ಬರೂ ಅದನ್ನೇ ಮಾತಾಡಿದೆವು, ಮಾರನೆಯ ದಿನವೂ ಮಾತಾಡಿದೆವು.

ಅಳೆಯುವುದೇ ಬೇಡ ಅನ್ನುವ ಗುಂಪಿಗೆ ನಾನು ಸೇರಿದವಳಲ್ಲ. ಅಳೆಯಲೇಬೇಕು. ಕೇಂದ್ರ ಸರ್ಕಾರ 2016-18ರಲ್ಲಿ ದೇಶದ ಮಕ್ಕಳ ಪೌಷ್ಟಿಕತೆಯ ಸಮಗ್ರ ಸಮೀಕ್ಷೆ ಮಾಡಿಸಿತಲ್ಲ, ಅದರಲ್ಲಿ ಐದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ. 24ರಷ್ಟು ಮಂದಿಗೆ ರಕ್ತಹೀನತೆ ಇತ್ತು. ನಾಲ್ವರಲ್ಲಿ ಒಬ್ಬರು ಅಂದುಕೊಳ್ಳಿ. ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳನ್ನು ನೋಡುವಾಗ ಈ ಲೆಕ್ಕ ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇನ್ನೊಂದು ಕಡೆ, ನಮ್ಮ ರಾಜ್ಯ ಮಕ್ಕಳ ತಟ್ಟೆಗೆ ಮಾಡಿರುವುದು ಕಡಿಮೆಯೇನಲ್ಲ. 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟ ಎಲ್ಲ ಜಿಲ್ಲೆಗೂ ಹಬ್ಬಿತು. 2013ರಲ್ಲಿ ಶಾಲೆಯಲ್ಲೇ ಹಾಲು ಕೊಡುವ ಕ್ಷೀರಭಾಗ್ಯ ಬಂತು. ಆಮೇಲೆ ಮೊಟ್ಟೆ ಬಂತು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣೋ ಚಿಕ್ಕಿಯೋ. 2024ರ ಫೆಬ್ರವರಿಯಿಂದ ಹಾಲಿನ ಜೊತೆ ರಾಗಿ ಮಾಲ್ಟೂ ಸೇರಿಕೊಂಡಿತು. ಇಷ್ಟೆಲ್ಲ ತಟ್ಟೆಗೆ ಬರುತ್ತಿರುವಾಗ, ತಟ್ಟೆಯ ಮುಂದೆ ಕೂತ ಮಗುವಿಗೆ ಅದರ ಬಗ್ಗೆ ಏನು ತಿಳಿದಿದೆ ಅಂತ ಕೇಳುವುದು ನ್ಯಾಯವಾದ ಪ್ರಶ್ನೆಯೇ. ಆದರೆ ಕೇಳುವ ರೀತಿ ಇದೆಯಲ್ಲ, ನಮ್ಮಿಬ್ಬರ ಮಾತು ಅಲ್ಲೇ ಸಿಕ್ಕಿಕೊಂಡಿದ್ದು.

ಆ ಪತ್ರಿಕೆಯಲ್ಲಿ ಇಪ್ಪತ್ತು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ, ಸರಿಯಾದದ್ದಕ್ಕೆ ಸೊನ್ನೆ ಸುತ್ತಬೇಕು. ಕಣ್ಣು ಮುಚ್ಚಿಕೊಂಡು ಸುತ್ತಿದರೂ ಲೆಕ್ಕಾಚಾರದ ಪ್ರಕಾರ ಐದು ಸರಿಯಾಗಬೇಕು. ಬರೀ ಹೌದು-ಅಲ್ಲ ಪ್ರಶ್ನೆಗಳಾಗಿದ್ದರೆ ಹತ್ತು. ಹಾಗಾದರೆ ಒಂಬತ್ತು ಅಂಕ ತೆಗೆದ ಮಗುವಿಗೆ ನಿಜವಾಗಿ ಗೊತ್ತಿದ್ದದ್ದು ಎಷ್ಟು? ಏಳು ತೆಗೆದವಳಿಗೂ ಒಂಬತ್ತು ತೆಗೆದವನಿಗೂ ಏನು ವ್ಯತ್ಯಾಸ? ಅದಕ್ಕಿಂತ ಮೊದಲು ಇನ್ನೊಂದು ತೊಡಕಿದೆ. ಏಳು ವರ್ಷದ ಮಗುವಿಗೆ ಅಚ್ಚಾದ ಪ್ರಶ್ನೆ ಕೊಟ್ಟರೆ ಅದು ಓದಿನ ಪರೀಕ್ಷೆಯಾಗುತ್ತದೆ. ‘ಕೆಳಗಿನವುಗಳಲ್ಲಿ ಯಾವುದರಲ್ಲಿ ಕಬ್ಬಿಣಾಂಶ ಅಧಿಕವಾಗಿದೆ’ ಅನ್ನುವ ಸಾಲನ್ನು ಅಕ್ಷರ ಕೂಡಿಸಿ ಕೂಡಿಸಿ ಮುಗಿಸುವಷ್ಟರಲ್ಲಿ ಆ ಮಗುವಿನ ಉಸಿರೇ ಮುಗಿದಿರುತ್ತದೆ. ಒತ್ತಕ್ಷರ ಕಂಡರೆ ಹೆದರುವ ಹುಡುಗ ಊಟದ ವಿಷಯದಲ್ಲಿ ಎಷ್ಟೇ ಚುರುಕಾಗಿರಲಿ, ಅವನ ಸೊನ್ನೆ ಎಲ್ಲೋ ಬೀಳುತ್ತದೆ.

ಸರಿ, ಓದಿ ಹೇಳೋಣ ಅಂದರೆ ಮಗು ಟೀಚರ್ ಮುಖ ಓದುತ್ತದೆ. ಇದು ಟೀಚರ್ ಹೇಳಿದ ಮಾತು. ‘ಬಿಸ್ಕತ್ತು ಒಳ್ಳೇದಾ?’ ಅಂತ ಕೇಳುವಾಗ ನಮ್ಮ ದನಿ ಒಂದು ಚೂರು ಇಳಿದರೆ ಸಾಕಂತೆ, ‘ಅಲ್ಲಾ ಮಿಸ್’ ಅಂತ ಬರುತ್ತದೆ. ದನಿ ಏರಿದರೆ ‘ಹೌದು ಮಿಸ್’. ಚಿಕ್ಕ ಮಕ್ಕಳು ಹೌದು-ಅಲ್ಲ ಅನ್ನುವ ಪ್ರಶ್ನೆಗೆ ಹೌದು ಅನ್ನುವ ಕಡೆಗೇ ವಾಲುತ್ತಾರೆ ಅನ್ನುವುದು ಮಕ್ಕಳ ಮನಸ್ಸಿನ ಅಧ್ಯಯನ ಮಾಡುವವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ನಗುವ ಮುಖ, ಸಪ್ಪೆ ಮುಖ, ಅಳುವ ಮುಖ ಬರೆದು ‘ತರಕಾರಿ ತಿನ್ನೋಕೆ ಇಷ್ಟವಾ?’ ಅಂತ ಕೇಳುವ ಕ್ರಮವೂ ಇದೆ. ಅಲ್ಲಿಯೂ ಸಣ್ಣವರು ನಡುವಿನ ಮುಖಕ್ಕೆ ಹೋಗುವುದು ಅಪರೂಪ, ಎರಡು ತುದಿಗಳಲ್ಲೇ ಓಡಾಡುತ್ತಾರೆ. ನಗುವ ಮುಖ ಚೆಂದ ಕಾಣುತ್ತದೆ, ಅದಕ್ಕೇ ಬಣ್ಣ ಹಚ್ಚುತ್ತಾರೆ.

ಈ ಮಾತು ಬಂದಾಗ ನನಗೆ ಪಿಯಾಜೆ ನೆನಪಾದರು. ಬಿ.ಎಡ್. ಓದಿದವರಿಗೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ ಹೆಸರು. ಸ್ವಿಟ್ಜರ್‌ಲೆಂಡಿನ ಈ ಮನುಷ್ಯ 1920ರ ಹೊತ್ತಿಗೆ ಪ್ಯಾರಿಸಿನಲ್ಲಿ, ಬುದ್ಧಿಪರೀಕ್ಷೆಗೆ ಹೆಸರಾದ ಬಿನೆಯವರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದರು. ಇಂಗ್ಲೆಂಡಿನ ಸಿರಿಲ್ ಬರ್ಟ್ ಮಾಡಿದ್ದ ತರ್ಕದ ಪ್ರಶ್ನೆಗಳನ್ನು ಪ್ಯಾರಿಸಿನ ಮಕ್ಕಳಿಗೆ ಕೇಳಿ, ಯಾವ ವಯಸ್ಸಿನವರು ಎಷ್ಟು ಸರಿ ಹೇಳುತ್ತಾರೆ ಅಂತ ಪಟ್ಟಿ ಮಾಡುವುದು ಅವರಿಗೆ ವಹಿಸಿದ್ದ ಕೆಲಸ. ಅವರ ಆಸಕ್ತಿ ಹರಿದದ್ದು ತಪ್ಪು ಉತ್ತರಗಳ ಕಡೆಗೆ. ಒಂದೇ ವಯಸ್ಸಿನ ಮಕ್ಕಳು ಒಂದೇ ಥರ ತಪ್ಪುತ್ತಾರಲ್ಲ, ಯಾಕೆ? ಪಟ್ಟಿ ಬದಿಗಿಟ್ಟು ಮಕ್ಕಳ ಜೊತೆ ಕೂತು ‘ಯಾಕೆ ಹಾಗಂತೀಯ’ ಅಂತ ಕೇಳುತ್ತಾ ಹೋದರು. ಮಗು ದೊಡ್ಡವರಿಗಿಂತ ಕಡಿಮೆ ತಿಳಿದದ್ದಲ್ಲ, ಬೇರೆ ರೀತಿಯಲ್ಲಿ ತಿಳಿದದ್ದು ಅನ್ನುವ ಅವರ ಜೀವಮಾನದ ಕೆಲಸ ಆ ತಪ್ಪುಗಳಿಂದಲೇ ಶುರುವಾಯಿತು. ಅಗಲದ ಲೋಟದ ನೀರನ್ನು ಮಗುವಿನ ಕಣ್ಣೆದುರೇ ಉದ್ದನೆಯ ಸಣ್ಣ ಲೋಟಕ್ಕೆ ಸುರಿದರೂ ಆರೇಳು ವರ್ಷದೊಳಗಿನ ಎಷ್ಟೋ ಮಕ್ಕಳು ‘ಇದರಲ್ಲೇ ಜಾಸ್ತಿ’ ಅನ್ನುತ್ತಾರೆ ಅಂತ ತೋರಿಸಿದ್ದು ಅವರೇ. ಇಂಥ ಮಗುವಿನ ಹತ್ತಿರ ಹೋಗಿ ‘ದಿನಕ್ಕೆ ಎಷ್ಟು ಲೋಟ ಹಾಲು ಕುಡಿಯಬೇಕು’ ಅಂತ ಕೇಳಿ ಬರುವ ಉತ್ತರಕ್ಕೆ ಅಂಕ ಕೊಡುವುದರಲ್ಲಿ ಏನರ್ಥ? ಯಾವ ಲೋಟ ಅಂತ ಮಗು ತಿರುಗಿ ಕೇಳಿದರೆ ಅದೇ ಜಾಣ.

ಈಗ ರಾಗಿಯ ಸಂಗತಿಗೆ ಬರುತ್ತೇನೆ. ಪತ್ರಿಕೆಯಲ್ಲಿ ಒಂದು ಪ್ರಶ್ನೆ ಹೀಗಿತ್ತು: ಯಾವುದರಲ್ಲಿ ಕ್ಯಾಲ್ಸಿಯಂ ಹೆಚ್ಚು? ಹಾಲು, ರಾಗಿ, ಅಕ್ಕಿ, ಸಕ್ಕರೆ. ಸರಿಯುತ್ತರದ ಪಟ್ಟಿಯಲ್ಲಿ ಹಾಲು ಅಂತಿತ್ತು. ಮೂರನೇ ಕ್ಲಾಸಿನ ಒಬ್ಬಳು ರಾಗಿಗೆ ಸೊನ್ನೆ ಸುತ್ತಿದ್ದಳು, ಅವಳಿಗೆ ತಪ್ಪು ಬಿದ್ದಿತ್ತು. ಟೀಚರಿಗೆ ಯಾಕೋ ಸಮಾಧಾನವಿಲ್ಲ. ಮಧ್ಯಾಹ್ನ ಕೈ ತೊಳೆಯುವ ಹೊತ್ತಿಗೆ ಅವಳನ್ನು ಕರೆದು ‘ರಾಗಿ ಅಂತ ಯಾಕೆ ಹಾಕಿದೆ?’ ಅಂದರು. ಅವಳು ಹೇಳಿದ್ದು: ‘ನಮ್ಮಜ್ಜಿ ಕಾಲು ಮುರ್ಕಂಡಾಗ ಡಾಕ್ಟ್ರು ಕ್ಯಾಲ್ಸಿಯಂ ಮಾತ್ರೆ ಕೊಟ್ರು ಮಿಸ್. ಅಜ್ಜಿ, ಮಾತ್ರೆ ಯಾಕೆ ಮುದ್ದೆ ತಿಂತೀನಿ, ಮೂಳೆ ಗಟ್ಟಿ ಆಗ್ತದೆ ಅಂತು.’ ಆ ಮಗು ಕ್ಯಾಲ್ಸಿಯಮ್ಮಿನಿಂದ ಮೂಳೆಗೆ, ಮೂಳೆಯಿಂದ ಮುದ್ದೆಗೆ, ಮುದ್ದೆಯಿಂದ ರಾಗಿಗೆ ತಾನೇ ದಾರಿ ಹುಡುಕಿಕೊಂಡು ಬಂದಿದೆ. ಅಷ್ಟೇ ಅಲ್ಲ, ಅವಳದು ತಪ್ಪು ಉತ್ತರವೂ ಅಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ಹೊರತಂದ ಆಹಾರ ಕೋಷ್ಟಕ ತೆಗೆದು ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ 120ರ ಆಸುಪಾಸು. ಮೂರು ಪಟ್ಟು. ರಾಗಿಯಲ್ಲಿರುವ ಫೈಟೇಟ್ ಅನ್ನುವ ಅಂಶ ಅದರಲ್ಲಿ ಸ್ವಲ್ಪ ಭಾಗವನ್ನು ಮೈಗೆ ಸೇರದಂತೆ ಹಿಡಿದಿಡುತ್ತದೆ, ಹಾಲಿನದು ಸಲೀಸಾಗಿ ದಕ್ಕುತ್ತದೆ, ಅದು ಬೇರೆ ಲೆಕ್ಕ. ಆದರೆ ಪ್ರಶ್ನೆ ಕೇಳಿದ್ದು ‘ಯಾವುದರಲ್ಲಿ ಹೆಚ್ಚು’ ಅಂತ.

ಟೀಚರ್ ಇದನ್ನು ಸಂಶೋಧನೆಗೆ ಬಂದ ಹುಡುಗಿಗೆ ಹೇಳಿದರು. ಅವಳು ಬೇಸರಪಡಲಿಲ್ಲ, ಕೋಷ್ಟಕ ತೆಗೆದು ನೋಡಿ ಆ ಪ್ರಶ್ನೆಯನ್ನು ಹೊಡೆದು ಹಾಕಿದಳು. ‘ಹಾಗಾದರೆ ಉಳಿದ ಹತ್ತೊಂಬತ್ತರಲ್ಲೂ ಯಾಕೆ ಅಂತ ಕೇಳಬೇಕಲ್ಲವಾ ಮೇಡಂ’ ಅಂದಳಂತೆ. ನನಗೆ ಆ ಹುಡುಗಿಯ ಮೇಲೆ ಅಭಿಮಾನ ಬಂತು. ಸಂಶೋಧನೆ ಅನ್ನುವುದು ಹಾಗೇ ಬೆಳೆಯಬೇಕು.

ಮಾರನೆಯ ದಿನ ಟೀಚರ್ ಮತ್ತು ಅವಳು ಸೇರಿ ಬೇರೊಂದು ಕೆಲಸ ಮಾಡಿದರು. ನಲಿ-ಕಲಿ ಅಂದರೆ ಕಾರ್ಡುಗಳ ರಾಜ್ಯ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದಾಗಿನಿಂದ ಅದರ ಜೀವ ಇರುವುದೇ ಮಕ್ಕಳು ಕೈಯಲ್ಲಿ ಹಿಡಿದು ಆಡುವ ಕಾರ್ಡಿನಲ್ಲಿ. ಇವರು ಕಾರ್ಡಿನ ಜೊತೆಗೆ ಅಡುಗೆಕೋಣೆಯಿಂದ ನಿಜವಾದ ಪದಾರ್ಥಗಳನ್ನೂ ತಂದರು. ಒಂದು ಹಿಡಿ ರಾಗಿ, ತೊಗರಿಬೇಳೆ, ಒಂದು ಮೊಟ್ಟೆ, ಸೀಬೆಕಾಯಿ, ನುಗ್ಗೆಸೊಪ್ಪಿನ ಕಡ್ಡಿ, ಕಡಲೆಬೀಜ, ಬೆಲ್ಲದ ಚೂರು, ಐದು ರೂಪಾಯಿಯ ಕುರುಕಲು ಪೊಟ್ಟಣ, ಬಿಸ್ಕತ್ತು. ನೆಲದ ಮೇಲೆ ಹರಡಿ, ಒಬ್ಬೊಬ್ಬರನ್ನೇ ಕರೆದು, ‘ಇವನ್ನು ನಿನಗೆ ಸರಿ ಅನ್ನಿಸಿದ ಹಾಗೆ ಗುಂಪು ಮಾಡು’ ಅಂತಷ್ಟೇ ಹೇಳಿದರು. ಎಷ್ಟು ಗುಂಪು ಅಂತ ಹೇಳಲಿಲ್ಲ, ಒಳ್ಳೆಯದು ಕೆಟ್ಟದ್ದು ಅಂತಲೂ ಹೇಳಲಿಲ್ಲ.

ಒಬ್ಬ ಹುಡುಗ ಮೊಟ್ಟೆ, ಕಡಲೆಬೀಜ, ತೊಗರಿಬೇಳೆಯನ್ನು ಒಂದು ಕಡೆ ಇಟ್ಟ. ಸಂಶೋಧನೆಯ ಹುಡುಗಿಗೆ ಖುಷಿಯೋ ಖುಷಿ, ಪ್ರೊಟೀನ್ ಗುಂಪು ಮಾಡಿಬಿಟ್ಟ ಅಂತ. ಯಾಕೆ ಅಂದರೆ ಅವನು, ‘ಇವೆಲ್ಲ ಸಿಪ್ಪೆ ಒಳಗಡೆ ಇರ್ತವೆ’ ಅಂದ. ಬರೀ ಕಾಗದದಲ್ಲಿ ಕೇಳಿದ್ದರೆ ಅವನಿಗೆ ಪೂರ್ಣಾಂಕ. ಇನ್ನೊಬ್ಬಳು ಎರಡೇ ಗುಂಪು ಮಾಡಿದಳು. ಬಿಸ್ಕತ್ತು, ಬೆಲ್ಲ, ಕಡಲೆಬೀಜ, ಪೊಟ್ಟಣ ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ. ಪಠ್ಯದ ಪ್ರಕಾರ ನೋಡಿದರೆ ಕಲಸುಮೇಲೋಗರ. ಅವಳ ಮಾತು ಕೇಳಿ: ‘ಇವು ಹಂಗೇ ತಿನ್ನಬೋದು. ಅವಕ್ಕೆ ಒಲೆ ಹಚ್ಬೇಕು.’ ಸೀಬೆಕಾಯಿಗೆ ಒಲೆ ಯಾಕೆ ಅಂದರೆ, ಅದನ್ನು ಎತ್ತಿ ಮೊದಲ ಗುಂಪಿಗೆ ಸೇರಿಸಿ ನಕ್ಕಳಂತೆ. ಆ ಮಗುವಿನ ಅಮ್ಮ ಬೆಳಿಗ್ಗೆ ಬೇಗನೆ ಗಾರ್ಮೆಂಟ್ಸಿಗೆ ಹೊರಡುತ್ತಾಳೆ. ಸಂಜೆ ಮಗು ಮನೆಗೆ ಬಂದಾಗ ಒಲೆ ಹಚ್ಚದೆ ಏನು ತಿನ್ನಬಹುದು ಅನ್ನುವುದೇ ಅವಳ ಆಹಾರ ವಿಂಗಡಣೆ. ಅದು ತಿಳಿವಳಿಕೆಯಲ್ಲ ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಕಡಲೆಬೀಜ, ಬೆಲ್ಲ, ಸೀಬೆ ಅವಳ ಕೈಗೆ ಸಿಗುವ ಹಾಗೆ ಒಂದು ಡಬ್ಬಿಯಲ್ಲಿ ಇಟ್ಟು ಹೋದರೆ ಪೊಟ್ಟಣಕ್ಕೆ ಕೈಹಾಕುವುದು ಕಡಿಮೆಯಾಗುತ್ತದೆ. ಅಳತೆಯಿಂದ ಇಂಥದ್ದು ಹೊರಬರಬೇಕು.

ನುಗ್ಗೆಸೊಪ್ಪಿನ ಕಡ್ಡಿಯಂತೂ ಎಲ್ಲರಿಗೂ ಗೊತ್ತು. ಸೊಪ್ಪಿನ ಮಾತು ಎತ್ತಿದರೆ ಮಕ್ಕಳು ನಿಲ್ಲಿಸುವುದೇ ಇಲ್ಲವಂತೆ. ಅಣ್ಣೆಸೊಪ್ಪು, ಹೊನಗೊನೆ, ಗಣಿಕೆ, ದಂಟು, ಕಿರಕಸಾಲೆ ಅಂತ ಬೆರಕೆಸೊಪ್ಪಿನ ಹೆಸರುಗಳನ್ನು ಒಬ್ಬರ ಮೇಲೊಬ್ಬರು ಹೇಳುತ್ತಾರೆ. ಹೊಲದ ಬದುವಿನಲ್ಲಿ ಅಜ್ಜಿಯ ಜೊತೆ ಕಿತ್ತವರು, ಯಾವುದು ಎಳೆಯದು ಯಾವುದು ಬಲಿತದ್ದು ಬೆರಳಲ್ಲೇ ತಿಳಿದವರು. ಇವರಿಗೆ ಪತ್ರಿಕೆಯಲ್ಲಿ ಬಂದ ಪ್ರಶ್ನೆಗಳು ಸೇಬಿನದು, ಕ್ಯಾರೆಟ್ಟಿನದು, ಬ್ರಾಕೊಲಿಯದು. ವಿದೇಶದಲ್ಲಿ ತಯಾರಾದ ಮಾದರಿಯನ್ನು ನೋಡಿಕೊಂಡು ಬರೆದ ಪತ್ರಿಕೆಯಲ್ಲಿ ಹೀಗಾಗುವುದು ಸಹಜ. ಸೇಬನ್ನು ಕಾಯಿಲೆ ಬಿದ್ದಾಗ ಮಾತ್ರ ಕಂಡ ಮಗುವಿಗೆ ಸೇಬಿನ ಸತ್ವ ಕೇಳಿ, ಬೇಲಿಯ ಮೇಲೆ ಹಬ್ಬಿದ ತೊಂಡೆಯನ್ನೂ ಹಿತ್ತಲ ಸೀಬೆಯನ್ನೂ ಕೇಳದೆ ಬಿಟ್ಟರೆ, ಸೇರು ಹಿಡಿದು ಬಟ್ಟೆ ಅಳೆದ ಹಾಗಾಗುತ್ತದೆ. ಸಿ ಜೀವಸತ್ವದ ಮಾತಿಗೆ ಬಂದರೆ ಸೀಬೆಯ ಮುಂದೆ ಸೇಬು ಲೆಕ್ಕಕ್ಕೇ ಇಲ್ಲ.

ಹಾಗಂತ ಮುದ್ದೆ, ಬೆರಕೆಸೊಪ್ಪು ತುಂಬಿದ ಮಂಡ್ಯದ ಕಡೆಯ ಪ್ರಶ್ನೆಪತ್ರಿಕೆಯನ್ನೇ ರಾಜ್ಯಕ್ಕೆಲ್ಲ ಹಂಚಲಿಕ್ಕೂ ಆಗದು. ವಿಜಯಪುರದ ಮಗುವಿಗೆ ಮುದ್ದೆಯ ಜಾಗದಲ್ಲಿ ಜೋಳದ ರೊಟ್ಟಿ ಬರಬೇಕು, ಬೆರಕೆಸೊಪ್ಪಿನ ಜಾಗದಲ್ಲಿ ಪುಂಡಿಪಲ್ಲೆ, ಹತ್ತರಕಿ, ಶೇಂಗಾ ಹಿಂಡಿ. ಕುಂದಾಪುರದ ಮಗುವಿಗೆ ಕುಚ್ಚಲಕ್ಕಿ ಗಂಜಿ, ಬೂತಾಯಿ, ಬಸಳೆ. ಕೊಡಗಿನಲ್ಲಿ ಬೇರೆ, ಬಳ್ಳಾರಿಯಲ್ಲಿ ಬೇರೆ. ಪ್ರಶ್ನೆಯ ಎಲುಬು ಒಂದೇ ಇರಲಿ, ಅದಕ್ಕೆ ತುಂಬುವ ಪದಾರ್ಥ ಊರೂರಿಗೆ ಬದಲಾಗಲಿ. ಕೆಲಸ ಹೆಚ್ಚು ಅನ್ನುತ್ತಾರೆ. ಹೆಚ್ಚೇ. ಆದರೆ ಆಯಾ ಊರಿನ ಶಾಲೆಯಲ್ಲಿ ಅಡುಗೆ ಮಾಡುವವರನ್ನು ಒಂದು ಗಂಟೆ ಕೂರಿಸಿಕೊಂಡು ಕೇಳಿದರೆ ಆ ಪಟ್ಟಿ ಸಿದ್ಧವಾಗುತ್ತದೆ, ಅದಕ್ಕೆ ಬೇರೆ ಸಮಿತಿ ಬೇಕಿಲ್ಲ.

ಅಳತೆಯ ಶಾಸ್ತ್ರದ ಬಗ್ಗೆಯೂ ಒಂದೆರಡು ಮಾತು ಹೇಳಬೇಕು, ಯಾಕೆಂದರೆ ಆ ಹುಡುಗಿ ತನ್ನ ಪತ್ರಿಕೆ ಗಟ್ಟಿಯಾಗಿದೆ ಅನ್ನುವುದಕ್ಕೆ ‘ಆಲ್ಫಾ ಚೆನ್ನಾಗಿ ಬಂದಿದೆ’ ಅಂದಳಂತೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕ್ರೊನ್‌ಬ್ಯಾಕ್ 1951ರಲ್ಲಿ ಬರೆದ ಲೇಖನದಿಂದ ಹೆಸರಾದ ಅಂಕಿ ಅದು. ಒಂದು ಪತ್ರಿಕೆಯ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡಿವೆ ಅಂತ ಹೇಳುತ್ತದೆ. 0.7 ದಾಟಿದರೆ ಪರವಾಗಿಲ್ಲ ಅನ್ನುವುದು ರೂಢಿ. ಉಪಯೋಗದ ಅಂಕಿಯೇ, ಸಂಶಯವಿಲ್ಲ. ಆದರೆ ಒಂದೇ ಪ್ರಶ್ನೆಯನ್ನು ಹತ್ತು ಥರ ತಿರುಗಿಸಿ ಕೇಳಿದರೂ ಆಲ್ಫಾ ಏರುತ್ತದೆ. ಇಪ್ಪತ್ತೂ ಪ್ರಶ್ನೆ ಒಟ್ಟಾಗಿ ಮಕ್ಕಳ ಓದಿನ ವೇಗವನ್ನೇ ಅಳೆಯುತ್ತಿದ್ದರೂ ಏರುತ್ತದೆ. ಪ್ರಶ್ನೆಗಳು ಒಂದೇ ಕಡೆ ನೋಡುತ್ತಿವೆ ಅಂತ ಅದು ಹೇಳೀತು, ಯಾವ ಕಡೆ ನೋಡುತ್ತಿವೆ ಅಂತ ಹೇಳಲಾರದು. ಅದನ್ನು ತಿಳಿಯಲು ಮಗುವಿನ ಪಕ್ಕ ಕೂತು ‘ಈ ಪ್ರಶ್ನೆ ನಿನಗೆ ಏನು ಅಂತ ಅರ್ಥ ಆಯ್ತು, ನಿನ್ನ ಮಾತಲ್ಲಿ ಹೇಳು’ ಅಂತ ಕೇಳುವುದೊಂದೇ ದಾರಿ.

ಪಾಠಕ್ಕೆ ಮುಂಚೆ ಒಮ್ಮೆ, ಪಾಠವಾದ ಮೇಲೆ ಒಮ್ಮೆ ಅಳೆದು ‘ಇಷ್ಟು ಏರಿತು’ ಅನ್ನುವ ಲೆಕ್ಕವೂ ಅಷ್ಟೇ. ಅದೇ ಪತ್ರಿಕೆ ಎರಡನೇ ಸಲ ಬಂದರೆ ಮಕ್ಕಳಿಗೆ ನೆನಪಿರುತ್ತದೆ. ಜೊತೆಗೆ ಅವರು ಅಷ್ಟು ದಿನ ದೊಡ್ಡವರೂ ಆಗಿರುತ್ತಾರೆ. ಪಾಠ ಕೇಳದ ಇನ್ನೊಂದು ಶಾಲೆಯ ಮಕ್ಕಳಿಗೂ ಎರಡೂ ಸಲ ಕೇಳಿ ಹೋಲಿಸಿದಾಗಲೇ ಪಾಠದ ಫಲ ಎಷ್ಟು ಅಂತ ಗೊತ್ತಾಗುವುದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2014ರಲ್ಲಿ ಈ ಕೆಲಸಕ್ಕೆಂದೇ ಒಂದು ಕೈಪಿಡಿ ಹೊರತಂದಿದೆ. ಅದರಲ್ಲಿ ತಿಳಿವಳಿಕೆ, ಮನೋಭಾವ, ಆಚರಣೆ ಈ ಮೂರನ್ನೂ ಬೇರೆ ಬೇರೆಯಾಗಿ ಅಳೆಯಬೇಕು ಅಂತಿದೆ. ಮೂರನ್ನೂ ಕಲಸಿ ಒಂದೇ ಅಂಕಿ ಮಾಡಿದರೆ ಯಾವುದೂ ಗೊತ್ತಾಗುವುದಿಲ್ಲ.

ನನಗೆ ಮನಸ್ಸಿಗೆ ತಟ್ಟಿದ್ದು ಈ ಮೂರನೆಯದು, ಆಚರಣೆ. ಪತ್ರಿಕೆಯ ಕೊನೆಯಲ್ಲಿ ‘ನೀನು ನಿನ್ನೆ ಏನೇನು ತಿಂದೆ?’ ಅಂತ ಒಂದು ಪಟ್ಟಿ ಇತ್ತು. ಎಂಟು ವರ್ಷದೊಳಗಿನ ಮಕ್ಕಳು ಒಬ್ಬರೇ ಕೂತು ಹಿಂದಿನ ದಿನದ ಊಟವನ್ನು ಸರಿಯಾಗಿ ಹೇಳಲಾರರು, ಮನೆಯವರನ್ನೂ ಕೇಳಬೇಕು ಅನ್ನುವುದು ಪೋಷಣೆಯ ಅಧ್ಯಯನ ಮಾಡುವವರಲ್ಲಿ ಬೇರೂರಿದ ಅರಿವು. ನೆನಪಿನ ಮಾತು ಹಾಗಿರಲಿ. ಬಾಯಿ ಬಿಟ್ಟು ಹೇಳಲಾಗದ ಊಟವೂ ಇರುತ್ತದೆ. ಹುಡುಗನೊಬ್ಬ ‘ರಾತ್ರಿ ಚಪಾತಿ, ಪಲ್ಯ, ಹಣ್ಣು’ ಅಂತ ಬರೆಸಿದ. ಪಕ್ಕದಲ್ಲಿ ಕೂತ ಅವನ ಚಿಕ್ಕಪ್ಪನ ಮಗಳು ತಡೆಯಲಾರದೆ ‘ಇಲ್ಲಾ ಮಿಸ್, ನಿನ್ನೆ ಎಲ್ರೂ ಅನ್ನಕ್ಕೆ ಖಾರದಪುಡಿ ಹಾಕ್ಕೊಂಡು ತಿಂದ್ವಿ’ ಅಂದುಬಿಟ್ಟಳು. ಹುಡುಗ ತಲೆ ತಗ್ಗಿಸಿದ. ಟೀಚರ್ ಇದನ್ನು ಹೇಳುವಾಗ ಕರಿಬೇವು ಬಿಡಿಸುವುದನ್ನು ನಿಲ್ಲಿಸಿದರು. ಆ ಹುಡುಗನಿಗೆ ಪೌಷ್ಟಿಕ ಆಹಾರದ ತಿಳಿವಳಿಕೆ ಇಲ್ಲವೇ? ಚಪಾತಿ, ಪಲ್ಯ, ಹಣ್ಣು ಅಂತ ಎಷ್ಟು ಸರಿಯಾಗಿ ಜೋಡಿಸಿದ್ದಾನೆ! ಏನು ತಿನ್ನಬೇಕು ಅಂತ ಅವನಿಗೆ ಪೂರಾ ಗೊತ್ತಿದೆ. ಮನೆಯಲ್ಲಿ ಇರಲಿಲ್ಲ, ಅಷ್ಟೇ. ಇಂಥ ಪ್ರಶ್ನೆಯನ್ನು ಹತ್ತು ಮಕ್ಕಳ ನಡುವೆ ಕೂರಿಸಿ ಕೇಳಲೇಬಾರದು. ಒಬ್ಬನೇ ಇರುವಾಗ, ಟೀಚರ್ ತಾನು ಏನು ತಿಂದೆ ಅಂತ ಮೊದಲು ಹೇಳಿ, ಆಮೇಲೆ ಕೇಳಬೇಕು. ಬೇಳೆಯ ಬೆಲೆ ಏರಿದ ತಿಂಗಳಲ್ಲಿ ಮಗುವಿನ ಅಂಕ ಇಳಿದರೆ ಅದು ಮಗುವಿನ ಅಜ್ಞಾನ ಆಗುವುದಿಲ್ಲ.

ಮೊಟ್ಟೆಯ ವಿಷಯವೂ ಹಾಗೇ. ಮೊಟ್ಟೆ ಒಳ್ಳೆಯದು ಅಂತ ಗೊತ್ತಿದ್ದೂ ಬಾಳೆಹಣ್ಣಿನ ಸಾಲಿಗೆ ನಿಲ್ಲುವ ಮಗು ತನ್ನ ಮನೆಯ ನಡವಳಿಕೆಯನ್ನು ಪಾಲಿಸುತ್ತಿದೆ. ಅದಕ್ಕೆ ಅಂಕ ಕಳೆಯುವುದು ತಪ್ಪು, ಅದನ್ನು ತಿದ್ದಲು ಹೋಗುವುದು ಇನ್ನೂ ತಪ್ಪು.

ಮಕ್ಕಳಿಗೆ ಬಹಳ ಚೆನ್ನಾಗಿ ಗೊತ್ತಿರುವ, ಆದರೆ ಯಾರೂ ಅಳೆಯದ ಇನ್ನೊಂದು ಜ್ಞಾನ ಇದೆ. ಅದು ಪೊಟ್ಟಣದ್ದು. ಓದಲು ಬಾರದ ಒಂದನೇ ಕ್ಲಾಸಿನವನೂ ಪೊಟ್ಟಣದ ಒಂದು ಮೂಲೆಯ ಬಣ್ಣ ನೋಡಿ ಯಾವ ಕಂಪನಿಯದು, ಯಾವ ರುಚಿ, ಎಷ್ಟು ರೂಪಾಯಿ ಅಂತ ಹೇಳುತ್ತಾನೆ. ಇವರಿಗೆ ಇದನ್ನು ಕಲಿಸಿದವರು ಪರೀಕ್ಷೆ ಇಡಲಿಲ್ಲ, ಬಣ್ಣ ಹಚ್ಚಿದರು, ಹಾಡು ಕಟ್ಟಿದರು, ಒಳಗೊಂದು ಆಟಿಕೆ ಇಟ್ಟರು. ಶಾಲೆಯ 50 ಮೀಟರ್ ಸುತ್ತ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿ ಮಾರಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ನಮ್ಮ ಊರಿನಲ್ಲಿ ಶಾಲೆಯ ಗೇಟಿನಿಂದ ಅಂಗಡಿಗೆ ನಡೆದು ನೋಡಿದರೆ ಐವತ್ತು ಹೆಜ್ಜೆಯೂ ಆಗುವುದಿಲ್ಲ. ‘ಕುರುಕಲು ತಿಂಡಿ ಕೆಟ್ಟದ್ದು’ ಅಂತ ಮಕ್ಕಳೆಲ್ಲ ಸರಿಯುತ್ತರ ಬರೆದಿದ್ದಾರೆ. ಬರೆದು ಹೊರಬಂದು ಅಲ್ಲಿಗೇ ಹೋಗಿದ್ದಾರೆ. ಇದರಲ್ಲಿ ಮಕ್ಕಳ ತಿಳಿವಳಿಕೆಯ ಕೊರತೆ ಎಲ್ಲಿದೆ? ದೊಡ್ಡವರ ನಿಯಮ ಪಾಲನೆಯ ಕೊರತೆ ಇದೆ. ಅದನ್ನೂ ಅಳೆದು ಅದೇ ವರದಿಯಲ್ಲಿ ಬರೆಯಲಿ ಅಂತ ನನ್ನ ವಾದ.

ಮಕ್ಕಳ ತಟ್ಟೆಯನ್ನೇ ಅಳೆಯುವ ದಾರಿಯೂ ಒಂದಿದೆ, ನನಗೆ ಅದರ ಮೇಲೆ ಹೆಚ್ಚು ನಂಬಿಕೆ. ಬಿಸಿಯೂಟದ ನಿಯಮದಂತೆ ಕಿರಿಯ ಪ್ರಾಥಮಿಕದ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಒಟ್ಟು 450 ಕ್ಯಾಲೊರಿ, 12 ಗ್ರಾಂ ಪ್ರೊಟೀನ್. ಇದು ಬಡಿಸುವ ಲೆಕ್ಕ. ಹೊಟ್ಟೆಗೆ ಹೋದದ್ದೆಷ್ಟು, ತಟ್ಟೆಯ ಅಂಚಿಗೆ ಸರಿದದ್ದೆಷ್ಟು? ಊಟವಾದ ಮೇಲೆ ಉಳಿಕೆಯ ಬಕೆಟ್ಟನ್ನು ತಕ್ಕಡಿಗೆ ಹಾಕಿದರೆ ಗೊತ್ತಾಗುತ್ತದೆ. ಇದನ್ನು ಅಡುಗೆಯವರು ತಕ್ಕಡಿಯಿಲ್ಲದೆಯೇ ಹೇಳುತ್ತಾರೆ. ಟೀಚರ್ ಶಾಲೆಯ ಅಡುಗೆಯಮ್ಮ ಹೇಳಿದ್ದಂತೆ: ಸೊಪ್ಪನ್ನು ಉದ್ದುದ್ದ ಹಾಕಿದ ದಿನ ಮಕ್ಕಳು ಎಳೆಎಳೆಯಾಗಿ ತೆಗೆದು ಹೊರಗಿಡುತ್ತವೆ, ಬೇಳೆಯ ಜೊತೆ ಮಸೆದು ಹಾಕಿದ ದಿನ ತಟ್ಟೆ ನೆಕ್ಕುತ್ತವೆ. ಸಾಂಬಾರಿನಲ್ಲಿ ಬೀನ್ಸ್ ಬಂದರೆ ಬಕೆಟ್ ತುಂಬುತ್ತದೆ, ಕುಂಬಳಕಾಯಿ ಬಂದರೆ ಖಾಲಿ. ಯಾವ ಮಗು ಹಾಲು ಕುಡಿದಂತೆ ಮಾಡಿ ಗಿಡಕ್ಕೆ ಸುರಿಯುತ್ತದೆ, ಯಾವುದು ಬೆಳಿಗ್ಗೆ ಬರೀ ಟೀ ಕುಡಿದು ಬಂದು ಹಾಲಿಗೆ ಮೊದಲು ನಿಲ್ಲುತ್ತದೆ, ಎಲ್ಲ ಆಕೆಗೆ ಗೊತ್ತು. ಆ ಟೀಯ ವಿಷಯ ಸಣ್ಣದಲ್ಲ. ಊಟದ ಬೆನ್ನಿಗೇ ಟೀ ಕುಡಿದರೆ ಅನ್ನ-ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ನಿಂಬೆಹುಳಿ ಹಿಂಡಿಕೊಂಡರೆ ಹೆಚ್ಚುತ್ತದೆ. ಪತ್ರಿಕೆಯಲ್ಲಿ ಟೀಯ ಪ್ರಶ್ನೆಯೇ ಇರಲಿಲ್ಲ. ರಕ್ತಹೀನತೆಯ ಊರಿನಲ್ಲಿ ಮಕ್ಕಳ ಟೀಯ ಬಗ್ಗೆ ಕೇಳದ ಪ್ರಶ್ನೆಪತ್ರಿಕೆ ಅರೆಬರೆ.

ಸಂಶೋಧನೆಯ ಹುಡುಗಿ ಈಗ ಹೊಸ ಪತ್ರಿಕೆ ಮಾಡುತ್ತಿದ್ದಾಳೆ. ಕಾಗದ ಕಡಿಮೆ, ಪದಾರ್ಥ ಹೆಚ್ಚು. ಮಕ್ಕಳು ಅನ್ನುವ ‘ಯಾಕೆ’ಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಲು ಪ್ರತಿ ಪ್ರಶ್ನೆಯ ಕೆಳಗೆ ಎರಡು ಗೆರೆ ಬಿಟ್ಟಿದ್ದಾಳಂತೆ. ಅವಳ ಮಾರ್ಗದರ್ಶಕರು ಇಷ್ಟಕ್ಕೆಲ್ಲ ಸಮಯ ಕೊಡುತ್ತಾರೋ ಇಲ್ಲವೋ ಅಂತ ಟೀಚರಿಗೆ ಆತಂಕ. ಕೊಡಬೇಕು. ಬಂದ ಫಲಿತಾಂಶವೂ ಪ್ರಬಂಧದ ರಟ್ಟಿನೊಳಗೆ ಕೂತು ಲೈಬ್ರರಿ ಸೇರಬಾರದು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ತಾಯಂದಿರ ಮುಂದೆ ಓದಬೇಕು, ಮಕ್ಕಳ ಹೆಸರು ಹೇಳದೆ. ಟೀಚರ್ ಮುಂದಿನ ಸಭೆಯ ಪಟ್ಟಿಗೆ ಇದನ್ನು ಸೇರಿಸಿದ್ದಾರೆ. ಅಡುಗೆಯಮ್ಮನನ್ನೂ ಕುರ್ಚಿ ಹಾಕಿ ಕೂರಿಸುತ್ತೇವೆ, ಮೊದಲು ಮಾತಾಡುವುದು ಅವರೇ ಅಂದರು. ಅಂಗಡಿಯವನನ್ನೂ ಕರೆಯಿರಿ ಅಂತ ನಾನು ಹೇಳಿದ್ದೇನೆ.